ವಿಮಾನಚಾಲಕನ ವೇತನಕ್ಕೆ ಮಾನದಂಡವಾವುದು?

ದುಡಿಮೆಗೆ ತಕ್ಕ ಪ್ರತಿಫಲವೆಂಬುದು ನೀತಿಯ ಮೊದಲ ಪಾಠ. ಆದರೆ ‘ತಕ್ಕ’ ಎಂಬ ಆ ಒಂದು ಮಾತಿನ ಅರ್ಥವನ್ನು ನಿರ್ಣಯಿಸಹೊರಟಾಗಲೇ ವಿವಾದಗಳೆಲ್ಲವೂ ತಲೆಯೆತ್ತುವುವು. ಪ್ರಾಚೀನರು ಸೋಮಯಾಗದ ದಕ್ಷಿಣೆಯನ್ನು ಹಂಚುವಾಗಲೂ ಈ ತೊಡಕನ್ನು ಕಂಡಿದ್ದರು. 16 ಮಂದಿ ಋತ್ವಿಜರಲ್ಲಿ ನಾಲ್ವರು ಮುಖ್ಯರಿಗೆ ಪೂರ್ಣಭಾಗ. ಮಿಕ್ಕವರಲ್ಲಿ ನಾಲ್ವರು ಅರ್ಧಕ್ಕೆ, ನಾಲ್ವರು ತೃತೀಯಾಂಶಕ್ಕೆ, ನಾಲ್ವರು ಪಾದಕ್ಕೆ ಅರ್ಹರು. ಯಾಗವೊಂದೇ, ಭಾಗ ಮಾತ್ರ ಬೇರೆ. ಅದೇ ಪ್ರಶ್ನೆಯು ಇಂದು ಆಕಾಶಯಾನದಲ್ಲಿ ಬೇರೊಂದು ವೇಷದಿಂದ ಬಂದು ನಿಂತಿದೆ: 70 ಜನರನ್ನು ಒಯ್ಯುವ ಚಾಲಕನಿಗೂ 300 ಜನರನ್ನು ಒಯ್ಯುವ ಚಾಲಕನಿಗೂ ವೇತನದಲ್ಲಿ ಭೇದವಿರಬೇಕೆ? ಇದ್ದರೆ ಅದಕ್ಕೆ ಆಧಾರವು ವಿಮಾನದ ಗಾತ್ರವೋ, ಚಾಲಕನ ಅನುಭವವೋ?

ಈ ಭೇದದ ಮೂಲವು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿದೆ. ಅಲ್ಲಿ ಹಿಂದೆ ಚಾಲಕರಿಗೆ ಹಾರಿದ ಮೈಲಿಗಳ ಲೆಕ್ಕದಿಂದ ಹಣ ಸಲ್ಲುತ್ತಿದ್ದಿತು. ವೇಗದ ವಿಮಾನಗಳು ಬಂದಾಗ ಒಡೆಯರು ಗಂಟೆಯ ಲೆಕ್ಕವೇ ಸಾಕೆಂದರು. ವೇಗದ ಲಾಭವೆಲ್ಲ ಒಡೆಯರ ಪಾಲಾಗುವುದೆಂದು ಚಾಲಕರು ವಿರೋಧಿಸಿದರು. 1934ರಲ್ಲಿ ರಾಷ್ಟ್ರೀಯ ಕಾರ್ಮಿಕ ಮಂಡಲಿಯು ತನ್ನ 83ನೆಯ ತೀರ್ಮಾನದಲ್ಲಿ ಇವೆರಡನ್ನೂ ಸಮನ್ವಯಗೊಳಿಸಿ, ಸೇವೆಯ ವರ್ಷಗಳಿಗೊಂದು ಮೂಲವೇತನ, ವೇಗವನ್ನನುಸರಿಸಿ ಗಂಟೆಗಿಷ್ಟು, ಮೈಲಿಗಿಷ್ಟು ಎಂದು ವಿಧಿಸಿತು. ಮುಂದೆ ವಿಮಾನದ ತೂಕವೂ ಈ ಲೆಕ್ಕಕ್ಕೆ ಸೇರಿತು.

ಗಾತ್ರವಾದಿಗಳ ಪಕ್ಷವು ನಿರ್ಬಲವಾದುದಲ್ಲ. ದೊಡ್ಡ ವಿಮಾನವು ಒಂದು ಗಂಟೆಯಲ್ಲಿ ಹೆಚ್ಚು ಸಂಪಾದಿಸುತ್ತದೆ. ಸಂಪಾದನೆಯಲ್ಲಿ ದುಡಿದವನಿಗೂ ಪಾಲು ಸಲ್ಲಬೇಕು. ಒಬ್ಬನ ಕೈಯಲ್ಲಿ 300 ಪ್ರಾಣಗಳಿರುವಾಗ ಹೊಣೆಯೂ ಹೆಚ್ಚೆಂದು ಅವರು ಹೇಳುತ್ತಾರೆ.

ಮೊದಲನೆಯ ಮಾತನ್ನು ಒಪ್ಪಬಹುದು. ಎರಡನೆಯದನ್ನು ವಿಮರ್ಶಿಸದೆ ಒಪ್ಪಲಾಗದು. ಹೊಣೆಯು ತಲೆಗಳನ್ನೆಣಿಸಿ ಗುಣಿಸತಕ್ಕ ವಸ್ತುವೆ? 70 ಜನರ ವಿಮಾನದ ಚಾಲಕನು 300 ಜನರ ಚಾಲಕನಿಗಿಂತ ಅಷ್ಟರಮಟ್ಟಿಗೆ ಕಡಮೆ ಎಚ್ಚರದಿಂದಿರಬಹುದೆಂದು ಯಾವ ಪ್ರಯಾಣಿಕನು ಒಪ್ಪಿಯಾನು? ಶ್ರಮವಾದರೂ ಗಾತ್ರವನ್ನು ಅನುಸರಿಸುವುದಿಲ್ಲ. ಅಪಘಾತಗಳು ಹೆಚ್ಚಾಗಿ ಒದಗುವುದು ಏರುವಾಗ, ಇಳಿಯುವಾಗ. ಸಣ್ಣ ವಿಮಾನದವನು ಒಂದೇ ದಿನದಲ್ಲಿ ಹಲವು ಸಲ ಏರಿ ಇಳಿಯುವನು. ದೊಡ್ಡದರವನು ಸಾಗರವನ್ನು ದಾಟಿ ಒಮ್ಮೆ ಇಳಿಯುವನು. ಅಮೆರಿಕದ ಸರಕುಸಾಗಣೆಯ ಯೂಪಿಎಸ್ ಸಂಸ್ಥೆಯು ವಿಮಾನ ಯಾವುದಾದರೂ ಸಮಾನಸೇವೆಯ ನಾಯಕರಿಗೆ ಒಂದೇ ದರವನ್ನಿಟ್ಟಿರುವುದರಿಂದ, ಗಾತ್ರಭೇದವು ಅನಿವಾರ್ಯವಲ್ಲವೆಂಬುದು ಸ್ಪಷ್ಟ.

ಇನ್ನು ಅನುಭವದ ಮಾತು. ಅನುಭವವು ಪೂಜ್ಯವೇ ಸರಿ. 2009ರ ಜನವರಿಯಲ್ಲಿ ಎರಡು ಎಂಜಿನುಗಳೂ ಕೆಟ್ಟ ವಿಮಾನವನ್ನು ಹಡ್ಸನ್ ನದಿಯ ಮೇಲಿಳಿಸಿ 155 ಜನರನ್ನೂ ಉಳಿಸಿದ ಸಲ್ಲೆನ್‌ಬರ್ಗರ್ ಅವರೇ ಅದಕ್ಕೆ ನಿದರ್ಶನ. ಆದರೆ ವರ್ಷಗಳ ಎಣಿಕೆಯೇ ವಿವೇಕವಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರು ಮಡಿದ ದುರಂತದಲ್ಲಿ ನಾಯಕನು 10,000 ಗಂಟೆಗಳಿಗೂ ಮಿಕ್ಕಿ ಹಾರಿದ್ದವನು. ಇಳಿಯದೆ ಮತ್ತೆ ಮೇಲೇರೋಣವೆಂದ ಸಹಚಾಲಕನ ಮಾತು ಅವನ ಕಿವಿಗೆ ಸಲ್ಲಲಿಲ್ಲ. ಕಿರಿಯನ ನುಡಿಗೆ ಎಡೆಗೊಡದ ಅನುಭವವು ಕಣ್ಣಿಗೆ ಕಟ್ಟಿದ ಬಟ್ಟೆಯಾದೀತು.

ಹಾಗಾದರೆ ವರ್ಷಗಳ ಲೆಕ್ಕವನ್ನು ಬಿಟ್ಟು, ಒಡೆಯನು ಯೋಗ್ಯತೆಯನ್ನು ಕಂಡು ಕೊಡಲೆಂದರೆ? ಇಲ್ಲಿಯೇ ವಿಷಯದ ಮರ್ಮವಿದೆ. ಹವೆ ಕೆಟ್ಟಿರುವಾಗ ‘ಹಾರಲಾರೆ’ ಎಂಬ ಧೈರ್ಯವೇ ಚಾಲಕನ ಪರಮಗುಣ. ಒಡೆಯನಿಗೆ ನಷ್ಟವನ್ನು ತರುವುದೂ ಅದೇ ಗುಣ. ವೇತನವು ಒಡೆಯನ ಪ್ರಸನ್ನತೆಯನ್ನು ಅವಲಂಬಿಸಿದರೆ ಆ ನಾಲಗೆ ಕಟ್ಟಿಹೋಗುವುದು. ವರ್ಷಗಳ ಅಳತೆಯು ಶುಷ್ಕವಾದರೂ ಯಾರ ಮುಖವನ್ನೂ ನೋಡುವುದಿಲ್ಲ.

ಕೌಟಿಲ್ಯನು ಅಧಿಕಾರಿಗಳ ವೇತನವನ್ನು 48,000 ಪಣಗಳಿಂದ 60 ಪಣಗಳವರೆಗೆ ವಿಧಿಸುವಾಗ, ಉನ್ನತಪದವಿಯವರ ವಿಷಯದಲ್ಲಿ ಕೊಟ್ಟ ಕಾರಣವು ಗಮನಾರ್ಹ: ಅಷ್ಟು ದೊರೆತವನು ಆಮಿಷಕ್ಕೆ ಒಳಗಾಗನು, ಕುಪಿತನೂ ಆಗನು. ವೇತನವು ಬಹುಮಾನವಲ್ಲ, ಕರ್ತವ್ಯವನ್ನು ನಿರ್ಭಯವಾಗಿ ನಡೆಸಲು ಕೊಡುವ ಆಧಾರ. 2009ರ ಫೆಬ್ರವರಿಯಲ್ಲಿ ಬಫಲೋ ನಗರದ ಬಳಿ ಸಣ್ಣ ವಿಮಾನವೊಂದು ಬಿದ್ದು 50 ಜನರು ಸತ್ತರು. ಅದರ ಸಹಚಾಲಕಿಯು ಹಿಂದಿನ ರಾತ್ರಿ ಇಡೀ ದೇಶವನ್ನು ದಾಟಿ ಕೆಲಸಕ್ಕೆ ಬಂದವಳು. ಚಾಲಕರ ಆಯಾಸದೊಡನೆ ಅಲ್ಪವೇತನದ ಮಾತೂ ವಿಚಾರಣೆಯ ಕಾಲದಲ್ಲಿ ಚರ್ಚೆಗೆ ಬಂದಿತು. ವೇತನವೇ ಅಪಘಾತಕ್ಕೆ ಕಾರಣವೆನ್ನಲಾಗದು. ಆದರೆ ನೆಮ್ಮದಿಯ ನಿದ್ರೆಯೂ ಪ್ರಯಾಣಿಕರ ರಕ್ಷಣೆಯ ಒಂದು ಅಂಗವೆಂಬುದನ್ನು ಅದು ಲೋಕಕ್ಕೆ ತೋರಿಸಿತು.

ಆದುದರಿಂದ ಸಿದ್ಧಾಂತವಿಷ್ಟು: ಎಲ್ಲ ಚಾಲಕರಿಗೂ, ವಿಮಾನವೆಷ್ಟೇ ಚಿಕ್ಕದಿರಲಿ, ನಿಶ್ಚಿಂತೆಯಿಂದ ಬಾಳುವಷ್ಟು ಮೂಲವೇತನವಿರಲಿ, ಅದರ ಮೇಲೆ ಸೇವೆಯ ವರ್ಷಗಳಿಗೆ ವೃದ್ಧಿಯಿರಲಿ, ಸಂಪಾದನೆಯ ಪಾಲೆಂದು ಗಾತ್ರಕ್ಕೊಂದು ಸ್ವಲ್ಪ ಭಾಗವಿದ್ದರೆ ದೋಷವಿಲ್ಲ. ದಕ್ಷಿಣೆಯಲ್ಲಿ ಪಾದಭಾಗವುಂಟು, ಆದರೆ ಮಂತ್ರದ ಶುದ್ಧಿಯಲ್ಲಿ ಪಾದಭಾಗವಿಲ್ಲ. ಎಚ್ಚರವನ್ನು ಎಲ್ಲರಿಂದಲೂ ಪೂರ್ಣವಾಗಿ ಬೇಡುವ ಸಮಾಜವು, ಆ ಎಚ್ಚರಕ್ಕೆ ಬೇಕಾದ ಅನ್ನವನ್ನೂ ವಿಶ್ರಾಂತಿಯನ್ನೂ ಎಲ್ಲರಿಗೂ ಪೂರ್ಣವಾಗಿಯೇ ಕೊಡತಕ್ಕದ್ದು.