ಸೇವೆಗೆ ಹೋಗಿ ಮಜಾ ಮಾಡಿದ್ದು ತಪ್ಪಾ?

ಎಲ್ಲರೂ ಕೂತ್ಕೊಳ್ಳಿ. ಬೈಬಲ್ ತಂದಿರೋರು 2 ಸಮುವೇಲ 23ನೇ ಅಧ್ಯಾಯ ತೆಗೆದಿಟ್ಕೊಳ್ಳಿ. ಫೋನಲ್ಲಿ ಓದೋರು ದಯವಿಟ್ಟು ನೋಟಿಫಿಕೇಷನ್ ಆಫ್ ಮಾಡಿ. ವಾಕ್ಯಕ್ಕೆ ಆಮೇಲೆ ಬರ್ತೀನಿ, ಮೊದಲು ಒಂದು ಪ್ರಶ್ನೆ ಇದೆ.

ಪಾವಗಡದಿಂದ ವಾಪಸ್ ಬಂದ ವಾರ ನಮ್ಮ ಯೂತ್ ಗ್ರೂಪಿನ ಒಬ್ಬ ತಂಗಿ ರಾತ್ರಿ ಹನ್ನೊಂದೂವರೆಗೆ ನನಗೆ ಮೆಸೇಜ್ ಮಾಡಿದ್ಲು. ಅವಳನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ, ಹೆಸರು ಹೇಳಲ್ಲ. "ಪಾಸ್ಟರ್, ಒಂದು ವಿಷಯ ಕಾಡ್ತಾ ಇದೆ. ನನ್ನ ಜೀವನದಲ್ಲಿ ಐದು ದಿನ ಇಷ್ಟು ಖುಷಿಯಾಗಿ ಇದ್ದಿದ್ದೇ ಇಲ್ಲ. ಹಾಗಾದ್ರೆ ನಾವು ಮಾಡಿದ್ದು ಸೇವೆನಾ, ಟ್ರಿಪ್ಪಾ?"

ನಾನು ಒಂದು ನಗೋ ಇಮೋಜಿ ಹಾಕಿ, 'ಎರಡೂ' ಅಂತ ಬರೆದು ಮಲ್ಕೊಂಡೆ. ಆಮೇಲೆ ನಿದ್ದೆ ಬರಲಿಲ್ಲ. ಯಾಕಂದ್ರೆ ಆ ಉತ್ತರ ಸೋಮಾರಿ ಉತ್ತರ. ಅಲ್ಲಿ ಮೂರನೇ ದಿನ ನಡೆದದ್ದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಬರದೆ ಇದ್ದವರಿಗೋಸ್ಕರ ಸ್ವಲ್ಪ ಹೇಳ್ತೀನಿ. ಮೇ ತಿಂಗಳಲ್ಲಿ 22 ಜನ ಎರಡು ಟಿಟಿಯಲ್ಲಿ ಹೋದ್ವಿ. ಪಾವಗಡ ನಮ್ಮ ತುಮಕೂರು ಜಿಲ್ಲೆಗೇ ಸೇರಿದ್ರೂ ಮ್ಯಾಪಲ್ಲಿ ನೋಡಿದ್ರೆ ಮೂರು ಕಡೆ ಆಂಧ್ರ. ಜನ ಕನ್ನಡದಲ್ಲಿ ಮಾತು ಶುರು ಮಾಡಿ ತೆಲುಗಲ್ಲಿ ಮುಗಿಸ್ತಾರೆ. ಬಿಸಿಲಿನ ಬಗ್ಗೆ ನಾನು ಹೇಳೋದೇ ಬೇಡ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಮಾಡಿದ್ದಾರೆ ಅಂದ್ರೆ ನೀವೇ ಲೆಕ್ಕ ಹಾಕಿ. ಮಳೆ ನಂಬಿ ಕಡ್ಲೆಕಾಯಿ ಬೆಳೀತಿದ್ದ ರೈತರು ಅಲ್ಲಿ ಜಮೀನನ್ನ ಗುತ್ತಿಗೆಗೆ ಕೊಟ್ಟಿದ್ದಾರೆ.

ನಮ್ಮ ಕೆಲಸ ಒಂದು ಸರ್ಕಾರಿ ಶಾಲೆಗೆ ಬಣ್ಣ ಹೊಡೆಯೋದು. ಹೆಡ್‌ಮಾಷ್ಟ್ರಿಗೆ ಮೊದಲೇ ಮಾತು ಕೊಟ್ಟಿದ್ವಿ, ಶಾಲೆ ಒಳಗೆ ಹಾಡು, ಪ್ರಾರ್ಥನೆ, ಪುಸ್ತಕ ಹಂಚೋದು ಏನೂ ಇಲ್ಲ, ಬಣ್ಣ ಮಾತ್ರ ಅಂತ. ಆ ಮಾತು ಉಳಿಸ್ಕೊಂಡ್ವಿ.

ಅಲ್ಲಿ ಮುಖ್ಯ ವಿಷಯ ನೀರು. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ. ಅದಕ್ಕಿಂತ ಜಾಸ್ತಿ ಇರೋದನ್ನ ವರ್ಷಗಟ್ಟಲೆ ಕುಡಿದ್ರೆ ಹಲ್ಲು ಕಂದಾಗುತ್ತೆ, ಕೀಲು ಬಿಗಿಯುತ್ತೆ, ಮೂಳೆ ಬಾಗುತ್ತೆ. ನಮ್ಮ ಸಿಸ್ಟರ್ ಒಬ್ಬರು ಜಾಣತನ ಮಾಡಿ ನೀರನ್ನ ಚೆನ್ನಾಗಿ ಕುದಿಸಿ ಇಟ್ಟಿದ್ರು. ಕುದಿಸಿದ್ರೆ ನೀರು ಆವಿಯಾಗುತ್ತೆ, ಫ್ಲೋರೈಡ್ ಹೋಗಲ್ಲ, ಉಳಿದ ನೀರಲ್ಲಿ ಇನ್ನೂ ಗಟ್ಟಿಯಾಗುತ್ತೆ. ಅದಕ್ಕೇ ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತರ್ತಾರೆ. ಸ್ನಾನಕ್ಕೆ, ಪಾತ್ರೆಗೆ, ದನಕ್ಕೆ ಬೋರಿನ ನೀರು. ಅದೂ ಕರೆಂಟ್ ಇದ್ದಾಗ, ಊರಾಚೆ ಪಂಪ್ ಹತ್ರ ಸರದೀಲಿ ನಿಂತು.

ನಮ್ಮ ಹೆಣ್ಣುಮಕ್ಕಳು ಉಳ್ಕೊಂಡಿದ್ದು ಒಬ್ಬ ಅಜ್ಜಿ ಮನೇಲಿ, ಹುಡುಗರು ಪಕ್ಕದ ಪ್ರಾರ್ಥನಾ ಮನೇಲಿ. ಅಜ್ಜಿ ನಮ್ಮ ವಿಶ್ವಾಸದವರಲ್ಲ. ಬಾಗಿಲಿಗೆ ಒಣಗಿದ ಮಾವಿನ ತೋರಣ, ಒಳಗೆ ದೇವರ ಗೂಡು. ಅಲ್ಲಿನ ಪಾಸ್ಟರ್ ಮನೆ ಚಿಕ್ಕದು, ಜಾಗ ಸಾಲಲ್ಲ ಅಂತ ಗೊತ್ತಾದಾಗ ಅವರೇ ಬಂದು, "ನಮ್ಮನೇಲಿ ಇರ್ಲಿ ಬಿಡ್ರಿ ಹುಡುಗೀರು" ಅಂದಿದ್ದು. ಅವರ ಅಂಗಳದಲ್ಲಿ ನೀಲಿ ಡ್ರಮ್ ಒಂದಿತ್ತು, 200 ಲೀಟರಿಂದು. ನಮ್ಮ ಸ್ನಾನಕ್ಕೆ ಅಂತ ದಿನಾ ಬೆಳಿಗ್ಗೆ ತುಂಬಿರ್ತಿತ್ತು. ಯಾರು ತುಂಬಿಸ್ತಾರೆ? ನಾವು ಕೇಳಲಿಲ್ಲ. ಬೆಂಗಳೂರಲ್ಲಿ ನಲ್ಲಿ ತಿರುಗಿಸೋರು ಕೇಳ್ತೀವಾ?

ಮೂರನೇ ದಿನ ಸಂಜೆ ಹೊರಗಡೆ ಗೋಡೆಗೆ ಎರಡನೇ ಕೋಟ್ ಮುಗೀತು. ಮೈಯೆಲ್ಲ ಬಣ್ಣ, ತಲೆಯೆಲ್ಲ ಧೂಳು. ಅಂಗಳಕ್ಕೆ ಬಂದ ತಕ್ಷಣ ಒಬ್ಬರ ಮೇಲೆ ಒಬ್ಬರು ನೀರೆರಚೋಕೆ ಶುರು. ಮಗ್ಗು, ಬಕೆಟ್ಟು, ಕೊನೆಗೆ ಡ್ರಮ್ಮೇ ಬಗ್ಗಿಸಿ! ಹತ್ತು ನಿಮಿಷದಲ್ಲಿ ಡ್ರಮ್ ಖಾಲಿ. ರೀಲ್ಸ್ ಕೂಡ ಆಯ್ತು. ಮೊದಲ ಮಗ್ಗು ಎತ್ತಿದ್ದು ಯಾರು ಅಂತ ನಮ್ಮ ಹುಡುಗರು ಈಗ ನಗ್ತಿದ್ದಾರೆ. ನಾನೇ. ಹುಡುಗರು ಕಲಿತದ್ದು ನನ್ನನ್ನ ನೋಡಿ.

ಮರುದಿನ ನಾಲ್ಕೂವರೆಗೆ ಪ್ರಾರ್ಥನೆಗೆ ಎದ್ದೆ. ಹೊರಗೆ ಚಪ್ಪಲಿ ಸದ್ದು. ಅಜ್ಜಿ ಸೊಂಟದ ಮೇಲೊಂದು ಕೊಡ, ಕೈಯಲ್ಲೊಂದು ಕೊಡ. ಹಿಂದೆ ಬೀದಿಯ ಇನ್ನೂ ಮೂರು ಹೆಂಗಸರು. ಒಂದೊಂದು ಮನೆಯವರು ತಮ್ಮ ಸರದಿಯಲ್ಲಿ ನಾಲ್ಕು ನಾಲ್ಕು ಕೊಡ ನಮಗೋಸ್ಕರ ಹಾಕ್ತಿದ್ರಂತೆ, ನಾವು ಬಂದ ದಿನದಿಂದ. ನಾನು ಓಡಿ ಹೋಗಿ ಕೊಡ ಇಸ್ಕೊಂಡೆ. ಒಂದು ಪ್ಲಾಸ್ಟಿಕ್ ಕೊಡ ಅಂದ್ರೆ ಸುಮಾರು 15 ಲೀಟರ್. 200 ಲೀಟರಿಗೆ ಹದಿಮೂರು, ಹದಿನಾಲ್ಕು ಕೊಡ. ಮೂರನೇ ಸಲ ಬರೋಷ್ಟರಲ್ಲಿ ಜಿಮ್‌ಗೆ ಹೋಗೋ ನನ್ನ ಭುಜ ಬಿದ್ದು ಹೋಯ್ತು. ಅಜ್ಜಿ ನಕ್ಕರು. ನಾನು "ಅಜ್ಜಿ, ನಿನ್ನೆ ನಾವು ತಪ್ಪು ಮಾಡಿದ್ವಿ" ಅಂದೆ. "ಆಡೋ ವಯಸ್ಸು, ಆಡ್ತವೆ ಬಿಡ್ರಿ ಅಯ್ನೋರೇ. ನನ್ನ ಮಕ್ಳೂ ಬೆಂಗ್ಳೂರಾಗವೆ. ಈ ಬೀದೀಲಿ ನಗಾ ಸದ್ದು ಕೇಳಿ ವರ್ಷ ಆಗಿತ್ತು" ಅಂದ್ರು.

ಈಗ ವಾಕ್ಯ ನೋಡಿ. ದಾವೀದ ಅದುಲ್ಲಾಮ್ ಗವಿಯಲ್ಲಿದ್ದಾನೆ, ಸುಗ್ಗಿಯ ಕಾಲ. ಅವನ ಸ್ವಂತ ಊರು ಬೇತ್ಲೆಹೇಮ್ ಫಿಲಿಷ್ಟಿಯರ ಕೈಯಲ್ಲಿದೆ. ಬಾಯಾರಿಕೆಯಲ್ಲಿ ಒಂದು ಮಾತು ಬಾಯಿಂದ ಬಂತು, ಊರಬಾಗಿಲ ಹತ್ರದ ಆ ಬಾವಿ ನೀರು ಯಾರಾದ್ರೂ ತಂದು ಕೊಟ್ಟಿದ್ರೆ ಅಂತ. ಆಜ್ಞೆ ಕೊಟ್ಟಿಲ್ಲ, ಆಸೆ ಪಟ್ಟ ಅಷ್ಟೇ. ಮೂವರು ಪರಾಕ್ರಮಿಗಳು ಶತ್ರುಗಳ ಪಾಳೆಯ ಸೀಳ್ಕೊಂಡು ಹೋಗಿ ತಂದೇಬಿಟ್ರು. ದಾವೀದ ಕುಡಿಯಲಿಲ್ಲ. ಇದು ಇವರ ಪ್ರಾಣ, ನಾನು ಹೇಗೆ ಕುಡೀಲಿ ಅಂತ ಕರ್ತನ ಮುಂದೆ ನೆಲಕ್ಕೆ ಸುರಿದ.

ಈ ಭಾಗ ನಾನು ಎಷ್ಟೋ ಸಲ ಓದಿದ್ದೆ, ಸಮರ್ಪಣೆ ಬಗ್ಗೆ ಪ್ರಸಂಗವನ್ನೂ ಮಾಡಿದ್ದೆ. ಆ ಬೆಳಿಗ್ಗೆ ಮಾತ್ರ ಬೇರೆ ಥರ ಕೇಳಿಸ್ತು. ದಾವೀದನೂ ನೀರು ನೆಲಕ್ಕೆ ಸುರಿದ, ನಾವೂ ಸುರಿದ್ವಿ. ಅವನು ಸುರಿದದ್ದು ಅದರ ಬೆಲೆ ಗೊತ್ತಿದ್ದಕ್ಕೆ, ನಾವು ಸುರಿದದ್ದು ಗೊತ್ತಿಲ್ಲದ್ದಕ್ಕೆ.

ಬ್ರೇಕ್‌ಫಾಸ್ಟ್ ಹೊತ್ತಲ್ಲಿ ಎಲ್ಲರಿಗೂ ಹೇಳಿದೆ. ಒಬ್ಬ ತಮ್ಮ ಕೂಡಲೇ ಫೋನ್ ತೆಗೆದು, "ಪಾಸ್ಟರ್, ಎಲ್ಲರೂ ಜಿಪೇ ಮಾಡಿ, ಒಂದು ಟ್ಯಾಂಕರ್ ತರಿಸೋಣ, ಮುಗೀತು" ಅಂದ. ಒಳ್ಳೇ ಮನಸ್ಸಿಂದಲೇ ಅಂದ, ಟ್ಯಾಂಕರ್ ತರಿಸಿದ್ವಿ ಕೂಡ. ಆದ್ರೆ ಆ 'ಮುಗೀತು' ಅನ್ನೋ ಪದ ನನಗೆ ಚುಚ್ತು. ಆ ಹೆಂಗಸರು ನಾಲ್ಕು ಗಂಟೆಗೆ ಎದ್ದಿದ್ದಕ್ಕೆ ಯುಪಿಐ ಐಡಿ ಇಲ್ಲ. ಅವರು ಕೊಟ್ಟಿದ್ದು ಉಡುಗೊರೆ. ಉಡುಗೊರೆಗೆ ಬಿಲ್ ಕಟ್ಟಿದ್ರೆ ಕೊಟ್ಟವರಿಗೆ ಏನನ್ನಿಸುತ್ತೆ ಯೋಚನೆ ಮಾಡಿ. ನಿಮ್ಮಮ್ಮ ಊಟ ಬಡಿಸಿದ ಮೇಲೆ 200 ರೂಪಾಯಿ ಟೇಬಲ್ ಮೇಲಿಟ್ಟು ನೋಡಿ, ಗೊತ್ತಾಗುತ್ತೆ.

ಇನ್ನೊಂದು ಕಡೆಯಿಂದ ಬೇರೆ ಸಲಹೆ ಬಂತು. ಇನ್ಮೇಲೆ ಆಟ ಬೇಡ, ಕೊನೇ ರಾತ್ರಿ ಕ್ಯಾಂಪ್‌ಫೈರ್ ಬೇಡ, ಉಪವಾಸ ಮಾಡಿ ಪಶ್ಚಾತ್ತಾಪ ಪಡೋಣ ಅಂತ. ನಾನು ಪಾಸ್ಟರ್ ಅಲ್ವಾ, ಇದು ಆತ್ಮೀಕವಾಗಿ ಕೇಳಿಸ್ತು. ಆಯ್ತು ಅಂತ ಹೇಳಿಬಿಟ್ಟೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನಾನು ಬೈಬಲ್ ಕಾಲೇಜಲ್ಲಿ ಡಿಪ್ಲೊಮಾ ಓದುವಾಗ ಎಥಿಕ್ಸ್ ಅಂತ ಒಂದು ಪೇಪರ್ ಇತ್ತು. ಜಸ್ಟ್ ಪಾಸ್ ಆದೆ, ಆ ಮಾತು ಬೇರೆ. ಅದರಲ್ಲಿ ಕಾಂಟ್ ಅನ್ನೋ ಜರ್ಮನ್ ತತ್ವಜ್ಞಾನಿ ಬರ್ತಾನೆ. 1785ರ ಪುಸ್ತಕದಲ್ಲಿ ಅವನು ಹೇಳೋದು ಹೆಚ್ಚುಕಡಿಮೆ ಇದು: ಸಹಾಯ ಮಾಡೋದ್ರಲ್ಲೇ ನಿನಗೆ ಖುಷಿ ಸಿಗೋದರಿಂದ ಸಹಾಯ ಮಾಡಿದ್ರೆ ಅದನ್ನ ಹೊಗಳಬಹುದು, ಆದ್ರೆ ಅದಕ್ಕೆ ನಿಜವಾದ ನೈತಿಕ ಬೆಲೆ ಇಲ್ಲ, ಕರ್ತವ್ಯ ಅಂತ ಮಾಡಿದ್ರೆ ಮಾತ್ರ ಇದೆ. ಆ ತಂಗಿಯ ಮೆಸೇಜ್ ಇದೇ ಪ್ರಶ್ನೆ. ನಮ್ಮಲ್ಲಿ ತುಂಬಾ ಜನ ಕಾಂಟ್ ಹೆಸರು ಕೇಳದೇನೇ ಹಾಗೆ ನಂಬ್ಕೊಂಡಿದ್ದೀವಿ. ಕಷ್ಟಪಟ್ರೆ ಸೇವೆ, ನಕ್ಕರೆ ಪಿಕ್‌ನಿಕ್.

ವಾಕ್ಯ ಹಾಗೆ ಹೇಳಲ್ಲ. ರೋಮಾಪುರದವರಿಗೆ 12ನೇ ಅಧ್ಯಾಯದಲ್ಲಿ ಪೌಲನು ಕರುಣೆ ತೋರಿಸೋನು ಸಂತೋಷದಿಂದ ತೋರಿಸಲಿ ಅಂತ ಬರೀತಾನೆ. ಧರ್ಮೋಪದೇಶಕಾಂಡ 16ರಲ್ಲಿ ಹಬ್ಬದ ದಿನ ಸಂತೋಷಪಡೋದು ಆಜ್ಞೆ, ಆಯ್ಕೆ ಅಲ್ಲ. ಆದ್ರೆ ಆ ಆಜ್ಞೆ ಜೊತೆ ಒಂದು ಪಟ್ಟಿ ಇದೆ ನೋಡಿ. ನೀನು, ನಿನ್ನ ಮಗ, ಮಗಳು, ದಾಸ, ದಾಸಿ, ಲೇವಿಯ, ಪರದೇಶಿ, ಅನಾಥ, ವಿಧವೆ. ಆ ಪಟ್ಟಿಯಲ್ಲಿ ಅರ್ಧಕ್ಕರ್ಧ ಜನ ಹಬ್ಬದ ಅಡುಗೆಗೆ ನೀರು ಹೊರೋರು. ಅವರು ನೀರು ತಂದಿಟ್ಟು ಹೊರಗೆ ನಿಲ್ಲಬಾರದು, ಪಂಕ್ತಿಯಲ್ಲಿ ಕೂರಬೇಕು. ಕೊರಿಂಥದ ಸಭೆ ಎಡವಿದ್ದು ಇಲ್ಲೇ. ಊಟ ಇತ್ತು, ಸಂತೋಷ ಇತ್ತು, ಒಬ್ಬ ಹೊಟ್ಟೆ ಬಿರಿಯೋಷ್ಟು ತಿಂದ, ಒಬ್ಬ ಹಸ್ಕೊಂಡೇ ಎದ್ದ. ಪೌಲನಿಗೆ ಕೋಪ ಬಂದದ್ದು ಊಟಕ್ಕಲ್ಲ.

ಆ ನೀರಾಟದಲ್ಲಿ ನನ್ನನ್ನ ಕಾಡೋದು ಲೀಟರ್ ಲೆಕ್ಕ ಮಾತ್ರ ಅಲ್ಲ. ಆ ಹತ್ತು ನಿಮಿಷ ಅಜ್ಜಿ ಎಲ್ಲಿದ್ರು? ಬಾಗಿಲ ಹತ್ರ ನಿಂತು ನೋಡ್ತಿದ್ರು. ವಿಡಿಯೋದಲ್ಲಿ ಹಿಂದೆ ಕಾಣ್ತಾರೆ. ನಮ್ಮ 22 ಜನರಲ್ಲಿ ಒಬ್ಬರೂ ಆ ಕಡೆ ತಿರುಗಿಲ್ಲ.

ಹಾಂ, ಉಪವಾಸದ ವಿಷಯ. ಐದನೇ ದಿನ ಬೆಳಿಗ್ಗೆ ಅಜ್ಜಿಗೆ ಹೇಳಿದೆ, ಇವತ್ತು ರಾತ್ರಿ ನಮಗೆ ಊಟ ಬೇಡ, ಆಟ ಹಾಡು ಏನೂ ಇಲ್ಲ ಅಂತ. ಅವರ ಮುಖ ಇಳಿದು ಹೋಯ್ತು. "ಯಾಕ್ರಿ ಅಯ್ನೋರೇ, ಯಾರ್ ಸತ್ರು?" ಅಂದ್ರು. ಒಳಗೆ ನೋಡಿದ್ರೆ ಹೋಳಿಗೆಗೆ ಬೇಳೆ ನೆನೆ ಹಾಕಿದ್ದಾರೆ, ಪಕ್ಕದ ಮನೆಯವರು ಕಡ್ಲೆಕಾಯಿ ಬೀಜ ಹುರಿದು ತಂದಿದ್ದಾರೆ, ಬೀದಿ ಮಕ್ಕಳೆಲ್ಲ ರಾತ್ರಿಗೆ ಕಾಯ್ತಿದ್ದಾರೆ. ಎರಡನೇ ಸಲ ತಪ್ಪು ಮಾಡೋಕೆ ಹೊರಟಿದ್ವಿ. ಮೊದಲು ಅವರನ್ನ ಕೇಳದೆ ನಕ್ಕಿದ್ವಿ, ಈಗ ಅವರನ್ನ ಕೇಳದೆ ಅಳೋಕೆ ಪ್ಲಾನ್ ಮಾಡಿದ್ವಿ. ಎರಡರಲ್ಲೂ ನಾವೇ ಹೀರೋಗಳು.

ನೆಹೆಮೀಯ 8ರಲ್ಲಿ ಇದೇ ನಡೀತು. ಎಜ್ರನು ಧರ್ಮಶಾಸ್ತ್ರ ಓದಿದಾಗ ಜನ ತಮ್ಮ ತಪ್ಪು ತಿಳಿದು ಅಳೋಕೆ ಶುರು ಮಾಡಿದ್ರು. ನಾಯಕರು ಅಳಬೇಡಿ ಅಂದ್ರು. ಹೋಗಿ ಒಳ್ಳೇ ಊಟ ಮಾಡಿ, ಏನೂ ಸಿದ್ಧ ಮಾಡ್ಕೊಳ್ಳದೆ ಇರೋರ ಮನೆಗೆ ಒಂದು ಪಾಲು ಕಳಿಸಿ ಅಂದ್ರು. ಕರ್ತನ ಆನಂದವೇ ನಮ್ಮ ಬಲ ಅಂತ ನಾವು ಟಿ-ಶರ್ಟ್ ಮೇಲೆ ಹಾಕ್ಕೊಳ್ಳೋದು ಇದೇ ವಚನದಿಂದ. ಅದೇ ವಚನದ ಆ ಪಾಲಿನ ಮಾತು ಟಿ-ಶರ್ಟ್ ಮೇಲೆ ನಾನು ನೋಡಿಲ್ಲ.

ಉಪವಾಸ ಕ್ಯಾನ್ಸಲ್. ಟ್ಯಾಂಕರ್ ಬಂದಿದ್ರೂ ಹುಡುಗರು ಆ ದಿನ ಮಧ್ಯಾಹ್ನ ಪಂಪಿನಿಂದ ಕೊಡ ಹೊತ್ತು ಬೀದಿಯ ನಾಲ್ಕು ಮನೆ ತುಂಬಿಸಿದ್ರು. ಅರ್ಧ ನೀರು ದಾರೀಲೇ ಚೆಲ್ಲಿತು. ಸೊಂಟದ ಮೇಲೆ ಕೊಡ ಇಟ್ಕೊಳ್ಳೋಕೆ ಬರದೆ ಒದ್ದಾಡ್ತಿದ್ದ ನಮ್ಮ ಸಾಫ್ಟ್‌ವೇರ್ ಇಂಜಿನಿಯರ್‌ಗಳನ್ನ ನೋಡಿ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ನಕ್ಕರು. ರಾತ್ರಿ ಹೋಳಿಗೆಗೆ ಮೊದಲು ಮುದ್ದೆ. ನಮ್ಮವನೊಬ್ಬ ಮುದ್ದೇನ ಚೂಯಿಂಗ್ ಗಮ್ ಥರ ಅಗೀತಾ ಕೂತಿದ್ದ. ಅಜ್ಜಿ ಅವನ ಪಕ್ಕ ಕೂತು, ಉಂಡೆ ಮಾಡಿ ಸಾರಲ್ಲಿ ಅದ್ದಿ ಹಾಗೇ ನುಂಗೋದು ಹೇಗೆ ಅಂತ ತೋರಿಸಿದ್ರು. ಆಮೇಲೆ ಲಗೋರಿ. ಬೀದಿ ಮಕ್ಕಳು ನಮ್ಮನ್ನ ನಾಲ್ಕು ಆಟದಲ್ಲೂ ಸೋಲಿಸಿದ್ರು. ಅವತ್ತು ಯಾರೂ ವಿಡಿಯೋ ಮಾಡಲಿಲ್ಲ. ನಾನು ಬೇಡ ಅಂದಿರಲಿಲ್ಲ, ಕೈಗೆ ಪುರುಸೊತ್ತು ಇರಲಿಲ್ಲ ಅಷ್ಟೇ. ನೀರಾಟದ ರೀಲ್ ಹಾಕಿದ್ದ ತಮ್ಮ ಬೆಂಗಳೂರು ತಲುಪೋ ಮುಂಚೆ ತಾನೇ ಅದನ್ನ ತೆಗೆದಿದ್ದ.

ಹಾಗಾಗಿ ತಂಗಿ, ನಿನ್ನ ಮೆಸೇಜಿಗೆ ಈಗ ಸರಿಯಾಗಿ ಉತ್ತರ ಕೊಡ್ತೀನಿ. ನಿನಗೆ ಖುಷಿಯಾಗಿದ್ದಕ್ಕೆ ಅದು ಸೇವೆ ಅಲ್ಲ ಅಂತ ಆಗಲ್ಲ. ಆ ಐದು ದಿನದಲ್ಲಿ ಯಾವ ಖುಷಿಯಲ್ಲಿ ಅಜ್ಜಿ ಬಾಗಿಲ ಹತ್ರ ನಿಂತಿದ್ರು, ಯಾವುದರಲ್ಲಿ ನಮ್ಮ ಜೊತೆ ಕೂತಿದ್ರು, ಅದನ್ನ ಕೂತು ಬೇರೆ ಮಾಡಿ ನೋಡು. ನಾನೂ ನೋಡ್ತಾ ಇದ್ದೀನಿ. ನನ್ನ ಪಟ್ಟಿಯಲ್ಲಿ ಬಾಗಿಲ ಹತ್ರದವೇ ಜಾಸ್ತಿ ಬರ್ತಿವೆ, ಪಾವಗಡದವು ಮಾತ್ರ ಅಲ್ಲ. ಇಲ್ಲೇ ನಮ್ಮ ಸಭೆಯ ಫೆಲೋಶಿಪ್ ಊಟ ಆದ್ಮೇಲೆ ಪಾತ್ರೆ ತೊಳೆಯೋ ಅಕ್ಕ ಯಾವಾಗ ಊಟ ಮಾಡ್ತಾರೆ ಅಂತ ನನಗೆ ಹೋದ ಭಾನುವಾರದವರೆಗೂ ಗೊತ್ತಿರಲಿಲ್ಲ. ಮೂರೂವರೆಗೆ.

ಮೊನ್ನೆ ಅಲ್ಲಿನ ಪಾಸ್ಟರ್ ಫೋನಿಂದ ಅಜ್ಜಿ ಮಾತಾಡಿದ್ರು. ಶಾಲೆ ಶುರುವಾಗಿದೆ, ಗೋಡೆ ಮೇಲೆ ಮಕ್ಕಳು ಆಗಲೇ ಗೀಚಿದ್ದಾರಂತೆ. ಬರೋ ಬೇಸಿಗೆಗೆ ಬರ್ತೀರಾ ಅಂತ ಕೇಳಿದ್ರು. ಬರ್ತೀವಿ ಅಜ್ಜಿ ಅಂದೆ. "ಬರ್ರಿ, ಆದ್ರೆ ಡ್ರಮ್ ನಾನು ತುಂಬ್ಸಲ್ಲ, ನೀವೇ ತುಂಬಿಸ್ಕೊಂಡು ನೀವೇ ಆಡ್ರಿ. ನನಗೂ ಒಂದ್ ಮಗ್ಗು ಇಡ್ರಿ" ಅಂದ್ರು.

ಎದ್ದು ನಿಂತ್ಕೊಳ್ಳೋಣ. ಕಣ್ಣು ಮುಚ್ಚಿ, ಪ್ರಾರ್ಥನೆ ಮಾಡೋಣ.