ಗೆರೆ ಕಾಯುವವನ ತಕರಾರು

ಡಾಕ್ಯುಮೆಂಟರಿಗೆ ಸಾಕ್ಷ್ಯಚಿತ್ರ ಎಂದು ಹೆಸರಿಟ್ಟವರ ಮನಸ್ಸಿನಲ್ಲಿ ಇದ್ದದ್ದು ಕೋರ್ಟು ಕಚೇರಿಯೋ, ವೇದಾಂತವೋ? ವಿಲಿಯಂ ಕ್ಲೈನ್ 1981ರ ಫ್ರೆಂಚ್ ಓಪನ್‌ನ ಒಳಮನೆಗೆ ಕ್ಯಾಮೆರಾ ಹೊತ್ತು ಹೋಗಿ ಮಾಡಿದ 'ದ ಫ್ರೆಂಚ್' ನೋಡುತ್ತಾ ನನಗೆ ಈ ಅನುಮಾನ ಬಂತು. ಆಟಗಾರರು ಬಟ್ಟೆ ಬದಲಿಸುವ ಕೋಣೆ, ಸರದಿಗಾಗಿ ಕಾಯುವ ಬೇಸರ, ಇವೆಲ್ಲ ಅದರಲ್ಲಿ ಪಂದ್ಯದಷ್ಟೇ ಮುಖ್ಯ.

ನಾನು ಹತ್ತೊಂಬತ್ತು ವರ್ಷ ಬೆಂಗಳೂರಿನ ಟೆನಿಸ್ ಟೂರ್ನಿಗಳಲ್ಲಿ ಲೈನ್ ಅಂಪೈರ್ ಆಗಿದ್ದವನು. ಸಂಬಳ ಬ್ಯಾಂಕಿನದು, ರಜೆ ಹಾಕಿ ಗೆರೆ ಕಾಯುತ್ತಿದ್ದೆ. ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಲ್ಲಬೇಕು. ಚೆಂಡು ಹೊರಗೆ ಬಿದ್ದರೆ 'ಔಟ್' ಎಂದು ಕೂಗಬೇಕು. ಗೆರೆಯ ಹತ್ತಿರ ಒಳಗೆ ಬಿದ್ದರೆ ಅಂಗೈ ಕೆಳಮುಖ ಮಾಡಬೇಕು, ಬಾಯಿ ಬಿಡಬಾರದು. ಆಡುತ್ತಿರುವವರು ಯಾರೆಂಬುದು ತಲೆಯಲ್ಲೇ ಇರಬಾರದು.

ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಎರಡು ಹಕ್ಕಿ ಬರುತ್ತವಲ್ಲ, ಒಂದು ಹಣ್ಣು ತಿನ್ನುವುದು, ಇನ್ನೊಂದು ಸುಮ್ಮನೆ ನೋಡುವುದು. ಅಜ್ಜ ಅದನ್ನು ಹೇಳಿದಾಗಲೆಲ್ಲ ನನ್ನದು ಒಂದೇ ತಕರಾರು: ತಿನ್ನುವ ಮನಸ್ಸಿಲ್ಲದಿದ್ದರೆ ಆ ಎರಡನೆಯದಕ್ಕೆ ಮರದ ಮೇಲೇನು ಕೆಲಸ? ಅಜ್ಜ ನಗುತ್ತಾ ನಶ್ಯದ ಡಬ್ಬಿ ಹುಡುಕುತ್ತಿದ್ದರು.

ಆ ಹಕ್ಕಿಯ ಜಾಗದಲ್ಲಿ ಕೂತ ನಾನೂ ಒಮ್ಮೆ ತಿಂದೆ. ನಮ್ಮ ಬೀದಿಯ ಹುಡುಗಿ ಆಡುತ್ತಿದ್ದಳು. ಅವಳು ಹೊಡೆದ ಚೆಂಡು ಗೆರೆಯ ಬಳಿ ಬಿತ್ತು, ನನ್ನ ಅಂಗೈ ಕೆಳಗಾಯಿತು, ಅಂಕ ಅವಳಿಗೆ ಹೋಯಿತು. ಪಂದ್ಯ ಮುಗಿದ ಮೇಲೆ ಅವಳೇ ಬಂದು, "ಅಂಕಲ್, ಅದು ಔಟ್ ಇತ್ತಲ್ಲ" ಅಂದಳು. ನಾನು ಸುಳ್ಳು ಹೇಳಿರಲಿಲ್ಲ. ಒಳಗೆ ಬಿದ್ದದ್ದನ್ನು ನಿಜವಾಗಿಯೂ ಕಂಡಿದ್ದೆ! ಆಸೆ ಕೈಗಿಳಿಯುವ ಮೊದಲೇ ಕಣ್ಣಿಗಿಳಿದಿತ್ತು.

ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್ಸಿನ ರೋಲಾಂ ಗ್ಯಾರೋಸ್‌ನಲ್ಲಿ ಇದು ಇಷ್ಟು ಸಲೀಸಲ್ಲ. ಅಲ್ಲಿ ಅಂಗಳದ ಮೇಲೆ ಇಟ್ಟಿಗೆಪುಡಿಯ ತೆಳು ಪದರ. ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ, ಅಂಪೈರ್ ಕುರ್ಚಿಯಿಂದಿಳಿದು ಬಂದು ನೋಡುತ್ತಾರೆ. ಇಟ್ಟಿಗೆಪುಡಿಗೆ ನಮ್ಮ ಬೀದಿ, ನಿಮ್ಮ ಬೀದಿ ಇಲ್ಲ. ಹಾಗೆಂದು ಜಗಳ ನಿಂತಿದೆಯೇ? ಯಾವ ಗುರುತು ಯಾವ ಚೆಂಡಿನದು ಎಂದೇ ಅಲ್ಲಿ ಜಗಳ. 2025ರಲ್ಲಿ ವಿಂಬಲ್ಡನ್ ನಮ್ಮವರನ್ನೆಲ್ಲ ಮನೆಗೆ ಕಳಿಸಿ ಯಂತ್ರ ತಂದಿತು. ಆ ವರ್ಷವೂ ಪ್ಯಾರಿಸ್ ಮನುಷ್ಯರನ್ನೇ ಇಟ್ಟುಕೊಂಡಿತ್ತು. ನನಗೆ ಒಳಗೊಳಗೇ ಖುಷಿ, ಅದನ್ನೇಕೆ ಮುಚ್ಚಿಡಲಿ.

ಕ್ಲೈನ್‌ನ ಚಿತ್ರದಲ್ಲಿ ಬ್ಯೋರ್ನ್ ಬೋರ್ಗ್ ಇದ್ದಾನೆ, ಗೆದ್ದರೂ ಸೋತರೂ ಬದಲಾಗದ ಮುಖದವನು. ಇಪ್ಪತ್ತೈದು ತುಂಬಿದ ಮರುದಿನ, ಜೂನ್ 7ರಂದು, ಐದು ಸೆಟ್‌ಗಳಲ್ಲಿ ಲೆಂಡ್ಲ್‌ನನ್ನು ಸೋಲಿಸಿ ಆರನೆಯ ಸಲ ಅಲ್ಲಿ ಗೆದ್ದ. ಆಮೇಲೆ ಒಂದೂ ಗ್ರ್ಯಾಂಡ್ ಸ್ಲಾಮ್ ಗೆಲ್ಲಲಿಲ್ಲ. ಇದು ನನಗೆ ಗೊತ್ತು, ಅವತ್ತಿನ ಕ್ಯಾಮೆರಾಕ್ಕೆ ಗೊತ್ತಿರಲಿಲ್ಲ. ಹಾಗಾಗಿ ಆ ಮುಖದಲ್ಲಿ ನನಗೆ ದಣಿವು ಕಾಣುತ್ತದೆ. ಅದೂ ಆ ಹುಡುಗಿಯ ಚೆಂಡಿನಂತೆಯೇ ಕಂಡದ್ದಿರಬಹುದು.

ನಮ್ಮ ಕೆಲಸದಲ್ಲಿ ಇನ್ನೊಂದು ಸನ್ನೆ ಇದೆ. ಆಟಗಾರ ಅಡ್ಡ ಬಂದು ಚೆಂಡು ಕಾಣದೇ ಹೋದರೆ ಎರಡೂ ಕೈಯೆತ್ತಿ ಕಣ್ಣಿಗೆ ಅಡ್ಡ ಹಿಡಿಯಬೇಕು. ಹತ್ತೊಂಬತ್ತು ವರ್ಷದಲ್ಲಿ ನಾನು ಹಾಗೆ ಹಿಡಿದದ್ದು ನಾಲ್ಕೋ ಐದೋ ಸಲ.