ಐದು ಹಳ್ಳಿ ಕೇಳಿದವನ ಮಾತು

ಪಿವಿಸಿ ಪೈಪು ಅಂಟಿಸುವ ಸಾಲ್ವೆಂಟಿನ ಘಾಟು ಒಮ್ಮೆ ತಲೆಗೇರಿದವರಿಗೆ, ಕಾರ್ಲ್ ಹೇಡನ್ ಹೈಸ್ಕೂಲಿನ ಹುಡುಗರು ತಮ್ಮ ರೋಬೋಟಿಗೆ ‘ಸ್ಟಿಂಕಿ’ ಅಂತ ಯಾಕೆ ಹೆಸರಿಟ್ಟರೆಂದು ಬಿಡಿಸಿ ಹೇಳಬೇಕಿಲ್ಲ. ನಾರುತ್ತಿತ್ತು, ಅದಕ್ಕೆ. ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಕಲಿಸುತ್ತ ನಿವೃತ್ತನಾದ ನನಗೆ ಆ ತಂಡದ ಮೇಲೆ ಮೊದಲು ಪ್ರೀತಿ ಹುಟ್ಟಿದ್ದು ಈ ಹೆಸರಿನಿಂದಲೇ. ಕೆಲಸದ ವಾಸನೆಯನ್ನು ಮುಚ್ಚಿಡದವರು ಎಂದುಕೊಂಡೆ.

ಈ ಹುಡುಗರ ಕಥೆಯನ್ನು ಈಚೆಗೆ ಗದಗಿನಲ್ಲಿ ಒಂದು ಪ್ರವಚನದಲ್ಲಿ ಕೇಳಬೇಕಾಗಿ ಬಂತು. ನಿಷ್ಕಾಮ ಕರ್ಮಕ್ಕೆ ದೃಷ್ಟಾಂತವಾಗಿ. ಅಮೆರಿಕದ ಬಡ ಹುಡುಗರು ದೊಡ್ಡ ವಿಶ್ವವಿದ್ಯಾಲಯಗಳನ್ನು ಸೋಲಿಸಿದರು, ಗೆದ್ದ ಮೇಲೂ ಅವರಿಗೆ ಏನೂ ದಕ್ಕಲಿಲ್ಲ, ಆದರೂ ಬೇಸರ ಮಾಡಿಕೊಳ್ಳಲಿಲ್ಲ. ಗೀತೆಯ ಎರಡನೇ ಅಧ್ಯಾಯದ 47ನೇ ಶ್ಲೋಕವನ್ನು ಓದದೆಯೇ ಬದುಕಿದವರು ಎಂದರು ಪ್ರವಚನಕಾರರು. ಪಕ್ಕದಲ್ಲಿದ್ದ ನಮ್ಮ ಸೋದರಮಾವ ತಲೆದೂಗಿದರು. ನಾನು ತಲೆದೂಗದ್ದನ್ನು ಗಮನಿಸಿ, ಹೊರಗೆ ಚಪ್ಪಲಿ ಮೆಟ್ಟುವಾಗ ಕೇಳಿದರು:

“ಯಾಕೋ, ಮತ್ತೇನ ಹೇಳಬೇಕಿತ್ತು ಅವ್ರು?”

“ಕೂಲಿ ಕೊಡಲಿಲ್ಲ ಅಂತ ಹೇಳಬೇಕಿತ್ತು, ಮಾವ.”

ಕಥೆ ನಡೆದದ್ದು ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. ಆಸ್ಕರ್ ವಾಸ್ಕೆಸ್, ಕ್ರಿಸ್ಟಿಯನ್ ಅರ್ಸೇಗಾ, ಲೊರೆಂಜೊ ಸ್ಯಾಂಟಿಯಾನ್, ಲೂಯಿಸ್ ಅರಾಂಡಾ ಮೆಕ್ಸಿಕೊದಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಗಡಿಯಾಚೆ ಬಂದು, ಕಾಗದಪತ್ರವಿಲ್ಲದೆ ಬೆಳೆದವರು. ಕಲಿಸಿದ ಮೇಷ್ಟ್ರು ಇಬ್ಬರು: ಇರಾನಿನಲ್ಲಿ ಹುಟ್ಟಿದ ಫ್ರೆಡಿ ಲಜ್ವರ್ದಿ ಮತ್ತು ಕಂಪ್ಯೂಟರ್ ಪಾಠದ ಅಲನ್ ಕ್ಯಾಮರಾನ್. (2015ರಲ್ಲಿ ಬಂದ ಸಿನಿಮಾದಲ್ಲಿ ಇಬ್ಬರನ್ನೂ ಸೇರಿಸಿ ಒಬ್ಬನೇ ಮೇಷ್ಟ್ರನ್ನು ಮಾಡಿಬಿಟ್ಟಿದ್ದಾರೆ. ಶಾಲೆಯಲ್ಲಿ ಒಬ್ಬಂಟಿಯಾಗಿ ಇಂಥ ಕೆಲಸ ಆಗುವುದಿಲ್ಲವೆಂದು ಸಿನಿಮಾದವರಿಗೆ ಯಾರು ಹೇಳಬೇಕು!) 2004ರ ಜೂನಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಆವರಣದ ಈಜುಕೊಳದಲ್ಲಿ ನೀರೊಳಗಿನ ರೋಬೋಟುಗಳ ಸ್ಪರ್ಧೆ. ಅಲ್ಲಿ ಹೈಸ್ಕೂಲು ಮಟ್ಟದ ವಿಭಾಗವೂ ಇತ್ತು. ಮೇಷ್ಟ್ರುಗಳು ಬೇಕೆಂದೇ ಕಾಲೇಜು ತಂಡಗಳಿದ್ದ ಮೇಲಿನ ವಿಭಾಗಕ್ಕೆ ಹೆಸರು ಕೊಟ್ಟರು. ಎಂಐಟಿಯಂಥವರ ಎದುರು ಸೋತರೆ ಯಾರೂ ನಗುವುದಿಲ್ಲ ಎಂಬುದು ಲೆಕ್ಕ.

ಅವರು ಖರ್ಚು ಮಾಡಿದ್ದು ಸುಮಾರು 800 ಡಾಲರು. ಪಿವಿಸಿ ಪೈಪಿನ ಚೌಕಟ್ಟಿಗೆ ಕೆಂಪು, ಹಳದಿ, ನೀಲಿ ಬಣ್ಣ ಬಳಿದಿದ್ದರು. ಬ್ಯಾಟರಿಯನ್ನು ದಡದ ಮೇಲಿಟ್ಟು ದಪ್ಪ ಕೇಬಲ್ಲಿನಲ್ಲಿ ಕರೆಂಟು ಇಳಿಸುವ ಬದಲು, ನೀರು ಹೋಗದ ಒಂದು ಬ್ರೀಫ್‌ಕೇಸಿನಲ್ಲಿ ಬ್ಯಾಟರಿಯನ್ನು ರೋಬೋಟಿನ ಮೇಲೆಯೇ ಕೂರಿಸಿದರು. ಹಾಗೆ ಮಾಡಿದರೆ ಕೇಬಲ್ಲು ಸಪೂರವಾಗುತ್ತದೆ, ರೋಬೋಟು ಹಗುರಾಗಿ ತಿರುಗುತ್ತದೆ. ಆದರೆ ಪೆಟ್ಟಿಗೆಯೊಳಗೆ ಹನಿ ನೀರು ನುಗ್ಗಿದರೂ ಎಲ್ಲ ಸುಟ್ಟುಹೋದೀತು. ನನ್ನ ವಿದ್ಯಾರ್ಥಿಗಳು ಇಂಥದನ್ನು ಮಾಡಹೊರಟಿದ್ದರೆ ನಾನು ಬೇಡ ಅನ್ನುತ್ತಿದ್ದೆ.

ಹನಿ ನುಗ್ಗಿಯೇ ಬಿಟ್ಟಿತು, ಸ್ಪರ್ಧೆ ಹತ್ತಿರ ಬಂದಾಗ. ಸೋರಿಕೆ ಎಲ್ಲಿಂದ ಎಂದು ಹುಡುಕಿ ಮುಚ್ಚುವಷ್ಟು ವೇಳೆ ಇರಲಿಲ್ಲ. ನೀರನ್ನು ತಡೆಯುವುದು ಆಗದಿದ್ದರೆ ಹೀರುವುದಾದರೂ ಆಗಲಿ ಎಂದು, ಹೆಂಗಸರು ಮುಟ್ಟಿನ ದಿನಗಳಲ್ಲಿ ಬಳಸುವ ಟ್ಯಾಂಪನ್ನುಗಳನ್ನು ಪೆಟ್ಟಿಗೆಯೊಳಗೆ ಇಟ್ಟರು. ಅದನ್ನು ತರಲು ಹೋದ ಲೊರೆಂಜೊ ನಾಚಿಕೆ ನುಂಗಿಕೊಂಡು, ಯಾವುದು ಚೆನ್ನಾಗಿ ಹೀರುತ್ತದೆ ಅಂತ ಅಂಗಡಿಗೆ ಬಂದಿದ್ದ ಒಬ್ಬ ಹೆಂಗಸನ್ನೇ ಕೇಳಬೇಕಾಯಿತು. ಕಿತ್ತುಬಂದ ಕೂದಲೆಳೆಯಂಥ ತಂತಿಗಳಿಗೆ ರಾತ್ರಿ ಕೂತು ಮತ್ತೆ ಸೋಲ್ಡರಿಂಗ್ ಮಾಡಿದರು.

ಲೇಸರ್ ಟೇಪಿನಿಂದ ಆಳ ಅಳೆದ ಬಗೆಯೂ ನನಗೆ ಇಷ್ಟ. ಗಾಳಿಯಲ್ಲಿ ಅಳೆಯಲೆಂದು ಮಾಡಿದ ಸಾಧನ ಅದು. ನೀರಿನಲ್ಲಿ ಬೆಳಕು ನಿಧಾನಕ್ಕೆ ಹೋಗುವುದರಿಂದ ಮೂರು ಮೀಟರನ್ನು ನಾಲ್ಕು ಎಂದು ತೋರಿಸುತ್ತದೆ. 1.33ರಿಂದ ಭಾಗಿಸಿದರೆ ನಿಜವಾದ ಆಳ. ತೀರ್ಪುಗಾರ ಎಂಜಿನಿಯರುಗಳು ಕೇಳಿದ್ದು ಇಂಥ ಪ್ರಶ್ನೆಗಳನ್ನೇ, ಹುಡುಗರು ಹೇಳಿದ್ದು ತಮ್ಮ ಕೈಯಾರೆ ಮಾಡಿ ತಿಳಿದಿದ್ದನ್ನೇ. ನೀರೊಳಗಿನ ಕೆಲಸದ ಅಂಕಗಳಲ್ಲಿ ಎಂಐಟಿ ಮುಂದಿತ್ತು. ಲಿಖಿತ ವರದಿ ಮತ್ತು ಮೌಖಿಕ ಪರೀಕ್ಷೆ ಸೇರಿಸಿ ಕೂಡಿದಾಗ ಕಾರ್ಲ್ ಹೇಡನ್ ಮೊದಲು, ಎಂಐಟಿ ಎರಡನೆಯದು. ಮೊದಲಿಗೆ ತೀರ್ಪುಗಾರರ ವಿಶೇಷ ಬಹುಮಾನ ಕೊಟ್ಟಾಗ, ಸಮಾಧಾನಕ್ಕೆ ಕೊಟ್ಟಿದ್ದಾರೆ, ಇನ್ನು ಮುಗಿಯಿತು ಎಂದೇ ಹುಡುಗರು ತಿಳಿದಿದ್ದರು.

ಇಲ್ಲಿಯವರೆಗೆ ಪ್ರವಚನಕಾರರ ಮಾತು ಸರಿಯೇ. ಗೆಲ್ಲುತ್ತೇವೆಂಬ ಎಣಿಕೆಯೇ ಇಲ್ಲದೆ, ರಾತ್ರಿ ಕೂತು ತಂತಿ ಬೆಸೆಯುವವನ ಮನಸ್ಸಿನಲ್ಲಿ ಫಲಕ್ಕೆ ಜಾಗವಿರುವುದಿಲ್ಲ. ನುಲಿಯ ಚಂದಯ್ಯನ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ: ಹಗ್ಗಕ್ಕೆಂದು ಹುಲ್ಲು ಕೊಯ್ಯುವಾಗ ಲಿಂಗ ನೀರಿಗೆ ಬಿದ್ದರೂ ಆತ ಹುಲ್ಲು ಕೊಯ್ಯುವುದನ್ನು ಬಿಡಲಿಲ್ಲ. ಆದರೆ ಅದೇ ಚಂದಯ್ಯ ಹಗ್ಗವನ್ನು ಹೊಸೆದು ಮಾರುತ್ತಿದ್ದ. ಬೆಲೆ ತೆಗೆದುಕೊಳ್ಳುತ್ತಿದ್ದ. ಆ ಹಣದಿಂದಲೇ ಜಂಗಮರಿಗೆ ದಾಸೋಹ. ಶರಣರು ದುಡಿಮೆಯಲ್ಲಿ ಮೈಮರೆಯಿರಿ ಎಂದರೇ ಹೊರತು ದುಡಿದವನ ಕೂಲಿಯನ್ನು ಮರೆಯಿರಿ ಎನ್ನಲಿಲ್ಲ.

ಮುಂದಿನದನ್ನು ಪ್ರವಚನಕಾರರು ಒಂದೇ ಮಾತಿನಲ್ಲಿ ದಾಟಿಸಿದರು. 2006ರಲ್ಲಿ ಅರಿಜೋನಾದ ಮತದಾರರು ಪ್ರೊಪೊಸಿಷನ್ 300 ಎಂಬ ಕಾನೂನನ್ನು ಒಪ್ಪಿದರು. ಕಾಗದಪತ್ರವಿಲ್ಲದ ವಿದ್ಯಾರ್ಥಿಗಳು ಅಲ್ಲಿಯೇ ಬೆಳೆದಿದ್ದರೂ ಹೊರರಾಜ್ಯದವರ ಶುಲ್ಕ ಕಟ್ಟಬೇಕಾಯಿತು. ಬೆಳಕಿನ ವೇಗದ ಲೆಕ್ಕ ಬಲ್ಲ ಕ್ರಿಸ್ಟಿಯನ್ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯವನ್ನು ಅರ್ಧಕ್ಕೆ ಬಿಟ್ಟ. ಲೊರೆಂಜೊ, ಲೂಯಿಸ್ ಅಡುಗೆಯ ಕೆಲಸ ಹಿಡಿದರು. ಅಡುಗೆ ಕೀಳಲ್ಲ, ಆದರೆ ಆರಿಸಿಕೊಂಡು ಹೋಗುವುದಕ್ಕೂ ಬೇರೆ ಬಾಗಿಲು ಮುಚ್ಚಿದಾಗ ಹೋಗುವುದಕ್ಕೂ ವ್ಯತ್ಯಾಸವಿದೆ. ಈಜುಕೊಳದ ದಂಡೆಯಲ್ಲಿ ನಿಂತ ತೀರ್ಪುಗಾರರು ಹುಡುಗರು ಮಾಡಿದ್ದನ್ನು ತೂಗಿದರು. ರಾಜ್ಯ ಅವರು ಹುಟ್ಟಿದ್ದೆಲ್ಲಿ ಎಂದು ಕೇಳಿತು.

ಈಗ ಗೀತೆಯ ವಿಷಯ. ಕುಮಾರವ್ಯಾಸನು ವೀರನಾರಾಯಣನ ಗುಡಿಯ ಕಂಬಕ್ಕೊರಗಿ ಭಾರತ ಬರೆದನೆಂದು ನಂಬುವ ಊರಿನವನು ನಾನು; ಕಥೆಯ ಅನುಕ್ರಮವಾದರೂ ಗೊತ್ತಿರಬೇಕಲ್ಲ. ಫಲದ ಚಿಂತೆ ಬಿಡು ಎಂದು ಕೃಷ್ಣ ಅರ್ಜುನನಿಗೆ ಹೇಳಿದ್ದು ಯುದ್ಧಭೂಮಿಯಲ್ಲಿ. ಅದಕ್ಕೂ ಮುಂಚೆ, ಉದ್ಯೋಗಪರ್ವದಲ್ಲಿ, ಅದೇ ಕೃಷ್ಣ ಹಸ್ತಿನಾಪುರದ ಸಭೆಗೆ ತಾನೇ ಹೋಗಿ ಪಾಂಡವರ ಪಾಲು ಕೇಳಿದ್ದಾನೆ. ಅರ್ಧ ರಾಜ್ಯ ಬೇಡ, ಐದು ಹಳ್ಳಿಯಾದರೂ ಕೊಡಿ ಎಂಬಲ್ಲಿಯವರೆಗೆ ಇಳಿದಿದ್ದಾನೆ. ಪಾಂಡವರಿಗೆ ಆತ ವನವಾಸದಲ್ಲಿಯೇ ಇದ್ದುಬಿಡಿ, ಫಲವೆಲ್ಲ ಮಾಯೆ ಎನ್ನಲಿಲ್ಲ. ಅವರ ಪರವಾಗಿ ಕೇಳಿ, ಇಲ್ಲವೆನ್ನಿಸಿಕೊಂಡು ಬಂದ ಮೇಲೆ ಆಡಿದ ಮಾತು ಅದು. ಕೇಳದವರು ಆ ಮಾತನ್ನು ಆಡಿದರೆ ಅದು ಗೀತೆಯಲ್ಲ, ದುರ್ಯೋಧನನಿಗೆ ಅನುಕೂಲವಾದ ಒಂದು ಸಲಹೆ.

ಆಸ್ಕರನ ಪರವಾಗಿ ಕೇಳಿದವರಿದ್ದರು. 2009ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಆತ ಕಾನೂನಿನಂತೆಯೇ ಬರುತ್ತೇನೆಂದು ತಾನಾಗಿ ಮೆಕ್ಸಿಕೊಗೆ ಹೋಗಿ ಅರ್ಜಿ ಹಾಕಿದ. ಸಿಕ್ಕಿದ್ದು ಹತ್ತು ವರ್ಷಗಳ ನಿಷೇಧ. ಸೆನೆಟರ್ ಡಿಕ್ ಡರ್ಬಿನ್ ಮಧ್ಯೆ ಬಂದ ಮೇಲೆ 2010ರಲ್ಲಿ ಮರಳಲು ಅನುಮತಿ ದೊರೆಯಿತು. ಬಂದವನು ಸೈನ್ಯ ಸೇರಿದ, ಪೌರತ್ವ ಪಡೆದ, ಅಫ್ಘಾನಿಸ್ತಾನಕ್ಕೆ ಹೋದ.

ಇದನ್ನೆಲ್ಲ ಮಾವನಿಗೆ ಹೇಳಿದೆ. ಅವರು ಸುಮ್ಮನೆ ಒಪ್ಪುವವರಲ್ಲ. “ಸಂಧಾನ ಮುರದ ಮ್ಯಾಲೆ ಭಾರತದಾಗ ಯುದ್ಧನ ಆತು. ನಿಮ್ಮ ಹುಡುಗ ನೋಡಿದ್ರ, ಹಳ್ಳಿ ಕೊಡದವರ ಸೈನ್ಯಕ್ಕೇ ಸೇರ್ಯಾನ. ಇದಕ್ಕ ಏನಂತಿ?” ಅಂದರು. ನನ್ನ ವಾದಕ್ಕೆ ಬಿದ್ದ ಸರಿಯಾದ ಪೆಟ್ಟು ಅದು. ಆಸ್ಕರ್ ಶಾಲೆಯಲ್ಲಿದ್ದಾಗಲೇ ಸೈನಿಕ ತರಬೇತಿ ಪಡೆದು, ಕಾಗದವಿಲ್ಲದ್ದರಿಂದ ಸೇರಲಾಗದೆ ಉಳಿದವನು. ಅವನು ಕೇಳಿದ ಹಳ್ಳಿ ಅದೇ ಇದ್ದಿರಬಹುದು: ದುಡಿಯಲು ಒಂದು ಜಾಗ. ಪಾಂಡವರ ಕಥೆಯಲ್ಲಿ ಇದಕ್ಕೆ ಸಮನಾದದ್ದಿಲ್ಲ. ಹಗ್ಗ ಮಾಡಲು ಬಿಡಿ ಎಂದಷ್ಟೇ ಕೇಳುವ ಚಂದಯ್ಯನನ್ನು ಬೇಕಾದರೆ ಊಹಿಸಿಕೊಳ್ಳಬಹುದು.

ಉಳಿದವರಿಗಾಗಿ ಕೇಳಿದ್ದು ಮಾತ್ರ ಮುರಿದುಬಿತ್ತು. ಇಂಥ ಮಕ್ಕಳಿಗೆ ಪೌರತ್ವದ ದಾರಿ ತೆರೆಯುವ ಡ್ರೀಮ್ ಆಕ್ಟ್ ಮಸೂದೆ 2010ರ ಡಿಸೆಂಬರಿನಲ್ಲಿ ಕೆಳಮನೆ ದಾಟಿ ಸೆನೆಟ್ಟಿಗೆ ಬಂತು. ಚರ್ಚೆ ಮುಗಿಸಿ ಮಸೂದೆಯನ್ನು ಮುಂದಕ್ಕೆ ಒಯ್ಯಲು 60 ಮತ ಬೇಕಿತ್ತು, ಬಿದ್ದದ್ದು 55. 2012ರಲ್ಲಿ ಒಬಾಮ ಸರ್ಕಾರ ಕೊಟ್ಟ ಡಾಕಾ ಪೌರತ್ವವಲ್ಲ, ಎರಡೆರಡು ವರ್ಷಕ್ಕೆ ನವೀಕರಿಸಬೇಕಾದ ಕೆಲಸದ ಅನುಮತಿ. ಇದನ್ನು ಐದರಲ್ಲಿ ಒಂದು ಹಳ್ಳಿ ಅಂತ ಎಣಿಸಬಹುದು ಎನ್ನುತ್ತಾರೆ ಮಾವ. ಅದು ಹಳ್ಳಿಯಲ್ಲ, ಊರ ಹೊರಗಿನ ಛತ್ರದಲ್ಲಿ ಇರಗೊಟ್ಟಂತೆ ಎಂಬುದು ನನ್ನ ವಾದ. ಶ್ರಾವಣದ ಪ್ರವಚನ ಮತ್ತೆ ಶುರುವಾದಾಗ ಇದನ್ನು ಪ್ರವಚನಕಾರರನ್ನೇ ಕೇಳೋಣ ಅಂದಿದ್ದಾರೆ.